ಕಾರ್ಪೆಟ್ಟಿನ ಕೆಳಗಿನ ಬೀದಿ

ಚಪ್ಪಲಿ ಅಂಗಡಿಯ ಬಿಲ್ಲಿನ ಸಾಲಿನಲ್ಲಿ ನಿಂತು ನಿಂತು ಕಾಲು ಸೋತಿದ್ದ ದರ್ಜಿಯ ಕಿವಿ, ಮುಂದಿದ್ದ ಅಕ್ಕ-ತಮ್ಮನ ಮಾತಿನತ್ತ ಹೊರಳಿತು.

"ನಿಮ್ಮ ಪುರಾತತ್ವದವರು ಅಗೆದು ತೆಗೆದ ಹಳೇ ಬೀದಿ ಎಲ್ಲಿ ಅಕ್ಕಾ?"

"ನಿನ್ನ ಕಾಲಡಿ."

"ಇಲ್ಲಿ ಕಾರ್ಪೆಟ್ ಇದೆಯಲ್ಲ!"

"ಅದರ ಕೆಳಗೆ ಗಾಜು. ಗಾಜಿನ ಕೆಳಗೆ ಬೀದಿ, ಮನೆಗಳ ಒಲೆ, ಎಲ್ಲ ಹಾಗೇ ಇದೆ. ಊರಿನ ಜನ ನೋಡ್ಲಿ ಅಂತ ಹಟ ಹಿಡಿದು ಗಾಜು ಹಾಕಿಸಿದ್ವಿ."

"ಮತ್ತೆ ಮುಚ್ಚಿದ್ದು ಯಾಕೆ?"

"ಗಾಜಿನ ಮೇಲೆ ಕಾಲಿಡೋಕೆ ಗಿರಾಕಿಗಳು ಹೆದರ್ತಾರಂತೆ."

"ಒಂದು ಮೂಲೆ ಎತ್ತಿ ನೋಡ್ಲಾ?"

"ಬೇಡ ಕಣೋ. ಹೋದ ವಾರ ನಾನು ಎತ್ತಿದ್ದಕ್ಕೆ ಮ್ಯಾನೇಜರ್ ಓಡಿ ಬಂದ."

"'ಅಗೆದವಳೇ ನಾನು' ಅನ್ನಬೇಕಿತ್ತು."

"ಅಂದೆ. 'ಹಾಗಾದ್ರೆ ಮುಚ್ಚೋ ಕೆಲಸಾನೂ ನೀವೇ ಮಾಡಬೇಕಿತ್ತು ಮೇಡಂ' ಅಂದ."

ತಮ್ಮನು ಕೈಲಿದ್ದ ಚಪ್ಪಲಿಯನ್ನು ಅಲ್ಲೇ ಇಟ್ಟು ಅಕ್ಕನ ಹಿಂದೆ ಹೊರಟುಹೋದ.

ದರ್ಜಿ ಕಾಲಿನ ಹೆಬ್ಬೆರಳಿನಿಂದ ಕಾರ್ಪೆಟ್ಟಿನ ಅಂಚನ್ನು ಕೆದಕಿ ನೋಡಿದ. ಈಗ ಅಂಟು ಹಾಕಿ ಕೂರಿಸಿಬಿಟ್ಟಿದ್ದರು.