ಅಖ್ತರಬೇಗಂಳ ಮೊಲದ ಗಾಯ

ರಹಿಮಾಬಿ, ಗಂಡ ಬಂದಗಿಸಾಬ ನದಾಫ, ವಯಸ್ಸು ಸುಮಾರು ೩೨ ವರ್ಷ, ಉದ್ಯೋಗ: ಗಾದಿ ಮತ್ತು ಕೌದಿ ಹೊಲಿಯುವುದು, ಸಾ: ಗೊಳಸಂಗಿ, ತಾ: ಬಸವನ ಬಾಗೇವಾಡಿ, ಜಿ: ಬಿಜಾಪುರ. ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ಹೇಳುವುದೇನೆಂದರೆ,

ನಾನು ಮೇಲಿನ ಊರಿನಲ್ಲಿ ನನ್ನ ಮಗಳು ಅಖ್ತರಬೇಗಂ, ವಯಸ್ಸು ಎಂಟು, ಇವಳೊಂದಿಗೆ ಇರುತ್ತೇನೆ. ನನ್ನ ಗಂಡ ಅರಳೆ ಹಿಂಜುವ ಕೆಲಸಕ್ಕೆ ಸಿಂದಗಿ ಕಡೆ ಹೋಗಿದ್ದು, ಇನ್ನೂ ಬಂದಿರುವುದಿಲ್ಲ. ಹೋದ ವರ್ಷ ಅವರು ಸೊಲ್ಲಾಪುರದಿಂದ ಮಗಳಿಗೆ ಒಂದು ಬಿಳಿ ಮೊಲ ತಂದುಕೊಟ್ಟಿದ್ದರು.

ಹೋದ ವಾರ ಓಣಿಯ ಬೆಕ್ಕು ಮೊಲದ ಕುತ್ತಿಗೆಯ ಹಿಂದೆ, ಹೆಡಕಿಗೆ ಕಚ್ಚಿತು. ಹಲ್ಲು ನೆಟ್ಟ ತೂತು ಸಣ್ಣದಿತ್ತು. ನಾನು ಅರಿಶಿಣ ಮತ್ತು ಎಣ್ಣೆ ಹಚ್ಚಿದೆನು. ಮೇಲೆ ಹಕ್ಕಳೆ ಕಟ್ಟಿ ಗಾಯ ಮುಚ್ಚಿದ್ದರಿಂದ ವಾಸಿಯಾಯಿತೆಂದು ತಿಳಿದೆನು. ಆದರೆ ಒಳಗೆ ಕೀವು ತುಂಬಿ ನಿಂಬೆಹಣ್ಣಿನಷ್ಟು ಬಾವು ಬಂತು, ಕೂದಲು ಅಂಟಿಕೊಂಡು ವಾಸನೆ ಹೊಡೆಯತೊಡಗಿತು. ಮಗಳು ಕುದುರೆ ಮೆಂತೆಯ ಸೊಪ್ಪನ್ನು ಬಾಯಿಗೆ ಹಿಡಿದರೂ ಅದು ತಿನ್ನಲಿಲ್ಲ. ಮಗ್ಗುಲ ಮನೆಯ ಸಾತವ್ವ ಎಂಬ ಮುದುಕಿ ಇದು ಉಳಿಯುವುದಿಲ್ಲ, ಹುಳ ಬೀಳುವ ಮೊದಲು ಹೊರಗೆ ಹಾಕು ಎಂದು ಹೇಳಿದಳು.

ಈ ದಿವಸ ಬೆಳಿಗ್ಗೆ ನಾನು ಮಗಳಿಗೆ, ಸಂಜೆ ನಿನ್ನ ಮಾಮನ ಕೈಯಲ್ಲಿ ಮೊಲವನ್ನು ಊರ ಹೊರಗೆ ಬಿಡಿಸುತ್ತೇನೆ ಎಂದು ಹೇಳಿದೆನು. ಅವಳು ಅಳಲಿಲ್ಲ. ಪಾಟಿಚೀಲ ತೆಗೆದುಕೊಂಡು ಸಾಲೆಗೆ ಹೋದಳು.

ಮಧ್ಯಾಹ್ನ ಅವಳ ಜೊತೆ ಓದುವ ಹುಡುಗಿ ಬಂದು ಅಖ್ತರ ಸಾಲೆಗೆ ಯಾಕೆ ಬಂದಿಲ್ಲ ಎಂದು ಕೇಳಿದಳು. ನಾನು ಒಳಗೆ ನೋಡಲಾಗಿ ಮೊಲದ ಬುಟ್ಟಿ ಖಾಲಿ ಇತ್ತು, ಪಾಟಿ ಮತ್ತು ಪುಸ್ತಕ ಅರಳೆಯ ಗಂಟಿನ ಹಿಂದೆ ಇದ್ದವು. ನಾನು ಮೊದಲು ಬಾವಿಗೆ ಹೋಗಿ ಬಗ್ಗಿ ನೋಡಿದೆನು. ನೀರಿನ ಮೇಲೆ ಏನೂ ಇರಲಿಲ್ಲ. ಅಲ್ಲಿಂದ ಮತ್ತೊಂದು ಬಾವಿಗೆ ಹೋದೆನು. ಸೇತುವೆಗೆ ಬಲಿ ಕೊಡಲು ಮಕ್ಕಳನ್ನು ಹಿಡಿದೊಯ್ಯುತ್ತಾರೆ ಎಂಬ ಸುದ್ದಿ ಈಚೆಗೆ ನಮ್ಮ ಓಣಿಯಲ್ಲಿ ಎಲ್ಲರ ಬಾಯಲ್ಲೂ ಇತ್ತು.

ಸೈಕಲ್ ಅಂಗಡಿ ಇಟ್ಟಿರುವ ನನ್ನ ತಮ್ಮ ಬಂದೇನವಾಜನಿಗೆ ತಿಳಿಸಿದೆನು. ಅವನು ರಸ್ತೆಯ ಚಹಾ ಅಂಗಡಿಯಲ್ಲಿ ವಿಚಾರಿಸಲಾಗಿ, ಕಂಬಳಿ ಗಂಟು ಹೊತ್ತ ಒಬ್ಬ ಮನುಷ್ಯನ ಜೊತೆ ಹುಡುಗಿ ಬಾಗೇವಾಡಿ ಬಸ್ಸು ಹತ್ತಿದಳು ಎಂದು ಅಲ್ಲಿದ್ದವರು ಹೇಳಿದರು. ನಾವಿಬ್ಬರೂ ಒಂದು ಲಾರಿಗೆ ಕೈಮಾಡಿ ಹತ್ತಿದೆವು.

ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ಮಗಳು ನಳದ ಹತ್ತಿರ ನಿಂತಿದ್ದಳು. ಅವಳ ಫ್ರಾಕಿನ ಮುಂದೆ ತೊಡೆಯವರೆಗೆ ರಕ್ತ ಹತ್ತಿತ್ತು. ಪಕ್ಕದಲ್ಲಿ ಸದರಿ ಮನುಷ್ಯ ಇದ್ದನು. ನಾನು ಓಡಿ ಮಗಳನ್ನು ಅಪ್ಪಿಕೊಂಡೆನು. ತಮ್ಮ ಏನೂ ಕೇಳದೆ ಆ ಮನುಷ್ಯನ ಬಾಯಿಗೆ ಗುದ್ದಿದನು. ಯಾರೋ ಮಕ್ಕಳ ಕಳ್ಳ ಎಂದರು, ಮಂದಿ ಕೂಡಿದರು. ಆ ಮನುಷ್ಯ ಕಂಬಳಿ ಗಂಟನ್ನು ಎದೆಗೆ ಅವಚಿಕೊಂಡು ನೆಲದ ಮೇಲೆ ಮುದುಡಿದನು. ಹೊಡೆತಕ್ಕೆ ಕೈ ಅಡ್ಡ ತರಲಿಲ್ಲ. ಅದರಲ್ಲಿ ಏನೋ ಮುಚ್ಚಿಟ್ಟಿದ್ದಾನೆಂದು ಮಂದಿ ಮತ್ತಷ್ಟು ಹೊಡೆದರು. ಮಗಳು ಒದರುತ್ತಿದ್ದಳು. ನಾನು ಅವಳ ಮುಖವನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದರಿಂದ ಏನೆನ್ನುತ್ತಾಳೆಂದು ಕೇಳಿಸಲಿಲ್ಲ.

ಪೊಲೀಸರು ಬಂದು ಬಿಡಿಸಿ ನಮ್ಮನ್ನೆಲ್ಲ ಈ ಠಾಣೆಗೆ ತಂದರು. ಇಲ್ಲಿ ಹವಾಲ್ದಾರರು ಗಂಟು ಬಿಚ್ಚಿದಾಗ ಒಳಗೆ ಮೊಲವಿತ್ತು. ಜೀವವಿತ್ತು. ಯಾರೋ ಹೆಡಕಿನ ಕೂದಲು ಬೋಳಿಸಿ ಗಾಯ ತೊಳೆದಿದ್ದರು. ಆಗ ಮಗಳು, "ಅವ್ವಾ, ದವಾಖಾನಿಗೆ ಹೋಗಿದ್ವಿ. ಅಂವಾ ಏನೂ ಮಾಡಿಲ್ಲ," ಎಂದಳು.

ಸಾಹೇಬರು ಕರೆಸಿದ್ದರಿಂದ ದನದ ದವಾಖಾನೆಯ ಡಾಕ್ಟರು ಬಂದರು. ತಾವು ಬಾವು ಕೊಯ್ದು ಕೀವು ತೆಗೆದು, ಔಷಧದ ನೀರಿನಿಂದ ಒಳಗಿನವರೆಗೆ ತೊಳೆದು, ಸೂಜಿ ಮಾಡಿದ್ದಾಗಿ ಹೇಳಿದರು. ಕೊಯ್ಯುವಾಗ ಮೊಲ ಜಿಗಿಯದಂತೆ ಹುಡುಗಿಯೇ ತೊಡೆಯ ಮೇಲೆ ಹಿಡಿದಿದ್ದಳು, ಫ್ರಾಕಿನ ರಕ್ತ ಅದರದ್ದು ಎಂದರು. ಗಾಯ ಮೇಲಿನಿಂದ ಮುಚ್ಚಬಾರದು, ಒಳಗಿನಿಂದ ತುಂಬಿ ಬರಬೇಕು, ನಾಳೆ ಮತ್ತೆ ತೊಳೆಯಬೇಕು, ರಾತ್ರಿಯೊಳಗೆ ಅದು ಏನಾದರೂ ತಿಂದರೆ ಉಳಿದೀತು, ಈಗಲೇ ಹೇಳಲಾಗದು ಎಂದರು.

ಸದರಿ ಮನುಷ್ಯನ ಹೆಸರು ಕಾಳಪ್ಪ, ಮುದ್ದೇಬಿಹಾಳದವನು, ಕಂಬಳಿ ಮಾರುವವನು ಎಂದು ಇಲ್ಲಿ ತಿಳಿಯಿತು. ನನ್ನ ಮಗಳು ಪಾಟಿಚೀಲದಲ್ಲಿ ಮೊಲ ಇಟ್ಟುಕೊಂಡು ರಸ್ತೆಯಲ್ಲಿ ಒಬ್ಬಳೇ ನಿಂತು ದವಾಖಾನೆಯ ಬಸ್ಸು ಯಾವುದೆಂದು ಕೇಳುತ್ತಿದ್ದಳಂತೆ. ಮನೆಗೆ ಹೋಗೆಂದರೆ ಒಲ್ಲೆನೆಂದಳಂತೆ. "ಹೆಣ್ಣುಹುಡುಗಿನ್ನ ಒಬ್ಬಾಕಿನ್ನ ಹೆಂಗ ಬಿಡ್ಲಿರಿ, ಅದಕ್ಕ ನಾನೂ ಬಸ್ ಹತ್ತೇನಿ," ಎಂದು ಅವನು ಹೇಳಿದನು. ನದಾಫರ ಮನೆಗೆ ತಿಳಿಸಿರೆಂದು ಚಹಾ ಅಂಗಡಿಯಲ್ಲಿ ಹೇಳಿ ಹೋಗಿದ್ದನಂತೆ. ಆ ಮಾತು ನನಗೆ ಮುಟ್ಟಲಿಲ್ಲ. ಅವನ ಮುಂದಿನ ಹಲ್ಲು ಬಿದ್ದಿದೆ, ಒಂದು ಕಣ್ಣು ಮುಚ್ಚಿದೆ. ನಾನು ನೀರು ಕೊಟ್ಟಾಗ ಕುಡಿಯಲು ಬರಲಿಲ್ಲ. ಇವತ್ತು ಬರುವುದಿಲ್ಲವೆಂದು ತನ್ನ ಮನೆಗೆ ಸುದ್ದಿ ಮುಟ್ಟಿಸಲು ಮಾತ್ರ ಕೇಳಿಕೊಂಡನು.

ಮಗಳನ್ನು ಅಪಹರಿಸಿದ ಬಗ್ಗೆ ಅವನ ಮೇಲೆ ನನ್ನ ಫಿರ್ಯಾದಿ ಇಲ್ಲ. ಅವನನ್ನು ಬಿಡಬೇಕು ಮತ್ತು ಸರ್ಕಾರಿ ದವಾಖಾನೆಯಲ್ಲಿ ತೋರಿಸಬೇಕು.

ಹೊಡೆದವರು ಯಾರೆಂದು ಸಾಹೇಬರು ಕೇಳಿರುತ್ತಾರೆ. ಒಳಗೆ ಬರುವ ಮುಂಚೆ ಠಾಣೆಯ ಕಟ್ಟೆಯ ಮೇಲೆ ಕುಳಿತ ನನ್ನ ತಮ್ಮ, "ಆಪಾ, ಮಂದಿ ಹೊಡದ್ರು ಅಂತ ಹೇಳು. ನನ್ನ ಹೆಸರು ತಗೀಬ್ಯಾಡ," ಎಂದನು. ನನ್ನ ಗಂಡ ಊರಲ್ಲಿ ಇಲ್ಲದಾಗ ನಮ್ಮನ್ನು ನೋಡಿಕೊಳ್ಳುವವನು ಅವನೇ. ಉಳಿದವರ ಗುರುತು ನನಗಿಲ್ಲ. ಮೊದಲು ಹೊಡೆದವನು ನನ್ನ ಖಾಸಾ ತಮ್ಮ ಬಂದೇನವಾಜ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ, ಸುಳ್ಳಿಲ್ಲ. ತಮ್ಮನ ಹೆಸರು ಬಂದ ಸಾಲನ್ನು ಎರಡನೇ ಸಲ ಓದಿಸಿ ಕೇಳಿದ್ದೇನೆ. ಆ ಸಾಲು ಹಾಗೆಯೇ ಇರಲಿ.

ಸ್ಥಳ: ಬಸವನ ಬಾಗೇವಾಡಿ
ದಿನಾಂಕ: ೧೭-೧೧-೧೯೭೬

ರಹಿಮಾಬಿ ಗಂಡ ಬಂದಗಿಸಾಬ ನದಾಫ
(ಎಡಗೈ ಹೆಬ್ಬೆಟ್ಟಿನ ಗುರುತು)