ಒಂದು ಬಾಲ, ಒಂದು ಗೀಟು

ಅಯ್ಯೋ, ಯಾಕೆ ನಗ್ತೀರ ಸಿಸ್ಟರಮ್ಮ? ಮತ್ತೆ ತಪ್ಪಾಯ್ತಾ? ಇರಿ, ಇರಿ... ಸ್ಲೇಟು ಅಳಿಸ್ಬೇಡಿ, ನಾನೇ ಹೇಳ್ತೀನಿ. ನಿಮ್ಮ ಸ್ಪೇನಿನ ಮಾತಲ್ಲಿ 'ದಾ' ಅಂದ್ರೆ ಕೊಡು. 'ದಾಮೆ' ಅಂದ್ರೆ ನಂಗೆ ಕೊಡು. ಆ 'ಮೆ' ಇದೆಯಲ್ಲ, ನಂಗೆ, ನನ್ನ, ಎಲ್ಲಾ ಅದೇ. ಬಾಲದ ಹಾಗೆ ಅಂಟ್ಕೊಂಡಿದೆ. ಗೀಟು ಬೇಡ. ಇನ್ನೊಂದು ಬಾಲ ಅಂಟಿಸಿ 'ದಾಮೆಲೊ', ಅದನ್ನ ನಂಗೆ ಕೊಡು ಅಂದಾಗ ಮಾತ್ರ 'ದಾ' ತಲೆ ಮೇಲೆ, ಅಲ್ಲಿ ಒತ್ತಿ ಹೇಳ್ಬೇಕು ಅಂತ ತೋರಿಸೋಕೆ, ಓರೆ ಗೀಟು. ಬಾಲ ಎಷ್ಟೇ ಬೆಳೀಲಿ, ಒತ್ತು ಮೊದಲಿದ್ದ ಕಡೇನೇ ಇರ್ಬೇಕು. ಸರಿನಾ? ಹಾಂ, ನೋಡಿ!

ನಮ್ಮ ಕೊಡಗೂ ಮೈಸೂರಿಗೆ ಅಂಟ್ಕೊಳ್ತದಂತೆ, ಅಣ್ಣನ ಅಂಗಡೀಲಿ ದಿನಾ ಅದೇ ಮಾತು. ನಮ್ಮ ತಲೆ ಮೇಲೆ ಗೀಟು ಎಳೀತಾರೋ ಇಲ್ವೋ!

ಪೆಟ್ಟಿಗೆ ಕಟ್ಟಿದ್ದು ಸಾಕು, ಕೂತ್ಕೊಳ್ಳಿ. ಜೀಪು ಬರೋಕೆ ಇನ್ನೂ ಹೊತ್ತಿದೆ. ನಿಮ್ಮ ಮಠದ ಮೇಲಿನೋರು ವಾಪಸ್ ಸ್ಪೇನಿಗೆ ಕರೆಸ್ಕೊಂಡ್ರೆ ನೀವಾದ್ರೂ ಏನ್ ಮಾಡ್ತೀರ... ಅಮ್ಮತ್ತಿ ದವಾಖಾನೇಲಿ ಬ್ಯಾಂಡೇಜು ಸುತ್ತೋ ಯಮುನ ಅಂತ ಒಬ್ಳಿದ್ಲು ಅಂತ ನನ್ನ ನೆನಪಿರ್ತದಾ?

ಮದ್ವೆನಾ? ಖುಷಿನೇ ಸಿಸ್ಟರಮ್ಮ! ಎಷ್ಟು ಸಲ ಕೇಳ್ತೀರ? ಕೊಡ್ಲಿಪೇಟೆ ನಂಜಪ್ಪನೋರು ಒಳ್ಳೆಯೋರಂತೆ. ವಯಸ್ಸು... ಅಣ್ಣನಿಗಿಂತ ಹೆಚ್ಚು. ಆದ್ರೇನು? ತೀರ್ಕೊಂಡ ಮೊದಲ್ನೇ ಹೆಂಡ್ತಿ ಮಕ್ಕಳಿಗೊಬ್ಳು ತಾಯಿ ಬೇಕಲ್ಲ. ದೊಡ್ಡ ಮಗಳು ನನ್ನ ವಾರಿಗೆಯೋಳು... ಜಡೆ ಹಾಕೋಕೆ ಜೊತೆ ಆಯ್ತು ಬಿಡಿ. ಯಾಕೆ ಹಾಗೆ ನೋಡ್ತೀರ? ಒಪ್ಕೊಂಡೆ ಅಂದ್ನಲ್ಲ! ಅಣ್ಣ ಕೇಳ್ದ, ಹೂಂ ಅಂದೆ. ಅತ್ತಿಗೆ ಎದುರಿಗೇ ನಿಂತಿದ್ರು, ಇನ್ನೇನು ಅನ್ನೋಕಾಗ್ತದೆ... ಅಲ್ಲ, ಅಲ್ಲ, ಖುಷಿಯಿಂದ್ಲೇ ಅಂದೆ.

ಬಿಡಿ. ಪಾಠ ಮಾಡೋಣ. ಇನ್ನೊಂದು ಬರೀತೀನಿ, ನಾನೇ ಕಟ್ಟಿದ್ದು. 'ಯೇವ' ಅಂದ್ರೆ ಕರ್ಕೊಂಡು ಹೋಗು. ಅದಕ್ಕೆ 'ಮೆ'... 'ಯೇವಮೆ'. ಒಂದೇ ಬಾಲ, ಗೀಟು ಬೇಡ. ಅಲ್ವಾ?

ಸಿಸ್ಟರಮ್ಮ?

ಬರೀ ಪಾಠಕ್ಕೆ ಬರ್ದಿದ್ದು. ನಿಜವಾಗ್ಲೂ... ಏನೋ ಬಾಯಿಗೆ ಬಂತು, ಬರ್ದೆ. ಬಳಪ ಯಾಕೆ ತಗೊಂಡ್ರಿ? ಓ... ಇದಕ್ಕೆ ಒಂದೇ ಬಾಲಕ್ಕೂ ಗೀಟು ಬೇಕಾ? 'ಯೇ' ಮೇಲೆ? ಹೂಂ... ತಿದ್ದಿದ್ರಿ.

ಓದಿದ್ರಿ ತಾನೆ? ಗೀಟು ಮಾತ್ರ ಅಲ್ಲ... ಏನ್ ಬರ್ದಿದೀನಿ ಅಂತ, ಓದಿದ್ರಿ ತಾನೆ?

ಕಿಟಕಿ ಕಡೆ ಯಾಕೆ ತಿರುಗಿದ್ರಿ? ಜೀಪು ಇನ್ನೂ ಬಂದಿಲ್ಲ. ಸಿಸ್ಟರಮ್ಮ, ಇಲ್ಲಿ ನೋಡಿ... ಕನ್ನಡದಲ್ಲಿ ಹೇಳ್ಲಾ?