ತಕ್ಕಡಿಯವರ ಸೊಸೆ

...ಆಗಲ್ಲ ಅಂದ್ರೆ ಆಗಲ್ಲ! ನಾಳೆ ಮದುವೆ ನೋಂದಣಿ ಕಚೇರಿಯಲ್ಲಿ ಹೆಸರು ಕೇಳ್ದಾಗ 'ನೀಲಿಯವರು' ಅಂತ ನೀನು ಬಾಯಿ ಬಿಡೋ ಹಾಗಿಲ್ಲ. ನನ್ನ ಮಗ ಬೇಕು, ಅಡ್ಡಹೆಸರು ಮಾತ್ರ ನಿಮ್ಮಪ್ಪಂದೇ ಬೇಕಾ? ಯಾಕೆ ನಗ್ತೀಯ? ಅತ್ತೆ ಆಗೋಳು ಜೋಕು ಹೇಳ್ತಿದಾಳೆ ಅಂದ್ಕೊಂಡ್ಯಾ?

ಈ ಮನೆ ಹೆಸರಿನ ಅರ್ಥ ಗೊತ್ತೇನೇ ನಿನಗೆ? ತಕ್ಕಡಿಯವರು! ಹಿಂದೆ ಸಂತೇಲಿ ಯಾರು ಏನೇ ಮಾರ್ಲಿ, ತೂಗೋರು ಇವರೇ. ವ್ಯಾಪಾರಿಗಳು ಕಿತ್ತಾಡಿದ್ರೆ 'ತಕ್ಕಡಿಯವರು ಹೇಳ್ಲಿ' ಅಂತಿದ್ರಂತೆ. ಹೊಲ ಮಾರಿದ್ರೂ ಪತ್ರಕ್ಕೆ ಸಾಕ್ಷಿ ಇವರದ್ದೇ. ಹೆಸರು ಅಂದ್ರೆ ಅದು! ನಿಮ್ಮದೋ... ಬಟ್ಟೆಗೆ ನೀಲಿ ಬಣ್ಣ ಹಾಕೋರು. ಹಿಂದೆ ತೆರಿಗೆ ವಸೂಲಿಗೆ ಬಂದವನು ನಿಮ್ಮ ಊರಾಚೆ ಬೀದಿಯ ಗುರುತಿಗೆ ಅಂತ ಗೀಚ್ಕೊಂಡ ಹೆಸರನ್ನ ನೀವು ಕಿರೀಟ ಮಾಡ್ಕೊಂಡ್ರಿ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಮೊಣಕೈವರೆಗೂ ನೀಲಿ, ಮೈಯೆಲ್ಲ ಬಣ್ಣದ ತೊಟ್ಟಿ ನಾತ... ಬಸ್ಸಲ್ಲಿ ಪಕ್ಕದ ಸೀಟಿಗೆ ಯಾರೂ ಬರಲ್ಲ!

ಏನದು ಪೊಟ್ಟಣ? ನಿಮ್ಮಪ್ಪ ನನಗೆ ಕಳ್ಸಿದ್ದಾ? ಶಾಲು? ಕೊಡಿಲ್ಲಿ... ಥೂ, ನೋಡು, ಉಗುಳು ಹಚ್ಚಿ ಉಜ್ಜಿದ್ರೆ ಬಣ್ಣ ಹೆಬ್ಬೆಟ್ಟಿಗೇ ಬಂತು! ಇದೂ ಒಂದು ಕೆಲಸಾನಾ? ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಸಿರಾಗಿರತ್ತೆ. ಗಾಳಿ ಕುಡಿದು ನೀಲಿ ತಿರುಗೋವರೆಗೂ ಕಾಯ್ಬೇಕು, ಆಮೇಲೆ ತಾನೇ ಮತ್ತೆ ಮುಳುಗಿಸೋದು! ಅದೇನು ಅವಸರ ಇತ್ತೋ. ಇಲ್ಲ ತೊಟ್ಟಿ ಮುನಿಸ್ಕೊಂಡು ಬಣ್ಣ ಕೊಡ್ಲಿಲ್ವೋ... ಮುನಿಸ್ಕೊಂಡ್ರೆ ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡ್ಬೇಕಪ್ಪ, ಚುರ್ ಅನ್ಲಿಲ್ಲ ಅಂದ್ರೆ ಇನ್ನಷ್ಟು ಸುಣ್ಣ. ಅಪ್ಪ ಯಾವಾಗ್ಲೂ...

...

ಯಾವಪ್ಪ ಅಂದ್ರೆ? ಯಾವನೋ ಒಬ್ಬ ಅಪ್ಪ! ನಿಮ್ಮಪ್ಪ ಅಂದೆ. ಇದೆಲ್ಲ ಯಾರಿಗೆ ಗೊತ್ತಿಲ್ಲ, ಪುಸ್ತಕದಲ್ಲೆಲ್ಲ ಬರತ್ತೆ... ಯಾಕೆ, ನಗು ನಿಂತೋಯ್ತಾ? ನಗೇ! ಈಗ ತಾನೇ ಹಲ್ಲು ಕಿಸೀತಿದ್ದೆ. ಹಾಗೆ ಪಿಳಿಪಿಳಿ ನೋಡ್ಬೇಡ... ಮೆಲ್ಲಗೆ ಮಾತಾಡು, ನನ್ನ ಮಗ ಮಹಡಿ ಮೇಲಿದಾನೆ, ಅವರಪ್ಪಾನೂ ಇದಾರೆ... ಅಯ್ಯೋ, ನೀನೆಲ್ಲಿ ಜೋರಾಗಿ ಮಾತಾಡಿದೆ. ಅರಚ್ತಿರೋಳು ನಾನೇ.

ಸರಿ, ಇಟ್ಕೋ. ನಿಮ್ಮಪ್ಪನ ಹೆಸರು ನೀನೇ ಇಟ್ಕೋ, ತಾಯಿ. ನನ್ನಪ್ಪನ ಹೆಸರು ಮಾತ್ರ ಕೇಳ್ಬೇಡ.